ಅಕ್ಷರ ದುಂಡಗಿಲ್ಲ

ಅಕ್ಕೋರೇ,
ನಮ್ಮ ಯಲಗೂರನ ಪಟ್ಟೀ ಮ್ಯಾಲೆ
ನೀವು ಕೆಂಪು ಪೆನ್ನಿಲೆ ಬರದದ್ದು ಓದಿದೆ:
"ಅಕ್ಷರ ದುಂಡಗಿಲ್ಲ. ಮನೆಯಲ್ಲಿ ಕೂರಿಸಿ ಬರೆಸಿರಿ."
ಮನಿ ಎಲ್ಲೈತಿ ಅಂತ ವಿಚಾರ ಮಾಡಕೋತ
ಆಗಶಿ ಸ್ಟಾಪಿನ್ಯಾಗ ಸೀಟಿ ಊದೂದ ಮರತೆ.

ಅಂವ ಬರಿಯೂದು ಕಡೀ ಸೀಟಿನ್ಯಾಗ್ರಿ.
ಸ್ಟೆಪ್ನಿ ಟಾಯರಿನ ಮ್ಯಾಲೆ ಕಾಲು,
ತೊಡಿ ಮ್ಯಾಲೆ ಪಾಟಿಚೀಲ, ಚೀಲದ ಮ್ಯಾಲೆ ಪಟ್ಟಿ.
ಸಾಲಿ ಬಿಟ್ಟಕೂಡ್ಲೆ ಝುವಾರಿನಗರದಾಗ ಹತ್ತತಾನ,
ಪಣಜಿ, ತಿರಗಿ ವಾಸ್ಕೊ,
ಮತ್ತ ಪಣಜಿ, ಮತ್ತ ವಾಸ್ಕೊ.
ಪುಕ್ಕಟೆ ಅಲ್ರಿ, ಪಾಸು ತಗಸೀನಿ.

ಈಗ ಅಕ್ಷರದ ಮಾತು.
ನಿನ್ನಿ ರಾತ್ರಿ ನೀವು ಗೆರಿ ಹೊಡದ ಹಾಳಿ ತಗದು ಕುಂತೆ.
ಪಾಠ: ಕದಂಬರು.
ಮೊದಲನೇ ಸಾಲು ನೆಟ್ಟಗೈತಿ ನೋಡ್ರಿ,
ಅದು ಸಾಂಕ್ವಾಳ, ಮುಂದ ಲಾರಿ ಕೆಟ್ಟು ನಿಂತಿತ್ತು.
"ಬನವಾಸಿ"ಯಾಗ ವಾ ಯಾಕ ಕೆಳಗ ಜಾರೇತಿ?
ಕುಠ್ಠಾಳಿ ಇಳಕಲು.
"ಮಯೂರವರ್ಮ"ನ ಅರ್ಕಾವೊತ್ತು ಹಾರಿ
ಮ್ಯಾಲಿನ ಸಾಲಿಗೆ ಬಡದೈತಿ,
ಅಲ್ಲೊಂದು ಹಂಪು, ಪಂಚಾಯತಿಯವರನ್ನ ಕೇಳ್ರಿ.
ಆಮ್ಯಾಲೆ ಅರ್ಧ ಪುಟ ಮುತ್ತು ಪೋಣಿಸಿದಂಗ.
ಅದಕ್ಕ ನೀವೂ ಏನೂ ಅಂದಿಲ್ಲ.
ಅದು ಹೊಸಾ ಸೇತುವಿ, ನೀರಿನ ಮ್ಯಾಲೆ
ಬಸ್ಸು ತೇಲಿಕೋತ ಹೋಗತೈತಿ.
ಕೆಳಗ ದೋಣಿ ಇರತಾವ,
ಅಂವ ನೋಡದನ ಬರದಾನ.
ಮಗ್ಗಲಕ ಎಣ್ಣಿ ಕಲೆ ಐತಲ್ಲ, ಅದು ನನ್ನ ತಪ್ಪು, ಭಜಿ-ಪಾವು.

ಬರಿಯೂದು ನಿಲ್ಲಿಸಿ ಕೇಳಿದ:
"ಅವ್ವಾ, ಬಸ್ಸಿನ ಹೊಟ್ಟಿ ಮ್ಯಾಲೂ ಕದಂಬ ಅಂತ ಐತಿ,
ರಾಜಾ ಸಾಯೂ ಮುಂದ ಗಾಡಿ ನಮಗ ಬಿಟ್ಟು ಹ್ವಾದನೇನು?"
ಚಿಲ್ಲರ ಎಣಸಾಕತ್ತಿದ್ದೆ, ಹ್ಞೂಂ ಅಂದೆ.
ಪರೀಕ್ಷಾದಾಗ ಹಂಗ ಬರದ್ರ ಅರ್ಧ ಮಾರ್ಕರೆ ಕೊಡ್ರಿ.

ಗಣಿತದ್ದು ಚಿಂತಿಲ್ಲ.
ಆಗಶಿಯಾಗ ಬುಟ್ಟಿ ಹೊತ್ತು ಹತ್ತೂ ಎಸ್ಪೆರಾನ್ಸ್ ಬಾಯಿ
ಬಂಗಡಿ ಮೀನಿನ ಮ್ಯಾಲೆ ಭಾಗಾಕಾರ ಕಲಿಸ್ಯಾಳ:
ನೂರಕ್ಕ ಏಳು, ಐವತ್ತಕ್ಕ ಮೂರು, ಶೇಷ ಬೆಕ್ಕಿಗೆ.
ನಮ್ಮ ಮನ್ಯಾಗ ಮೀನ ತಿನ್ನಂಗಿಲ್ರಿ.
ಲೆಕ್ಕಕ್ಕ ಮೈಲಿಗಿ ಇಲ್ಲ ಅಂದೀನಿ.

ಇನ್ನ, ಪಾಲಕರ ಸಹಿ.
ಸೊಟ್ಟ ಐತಿ, ಹುಡುಗನ ಮಾಡ್ಯಾನ ಅಂತ
ನಿಮಗ ಸಂಶೇ ಬಂದೈತಿ, ಗೊತ್ತು.
ಅವರಪ್ಪ ಹಡಗಿನ ಕಾರಖಾನ್ಯಾಗ ವೆಲ್ಡಿಂಗು, ರಾತ್ರಿ ಪಾಳಿ.
ನಾ ಮನಿಗೆ ಹೋಗೂದ್ರಾಗ ಅಂವ ಹ್ವಾದ,
ಅಂವ ಬರೂದ್ರಾಗ ನಾ ಮೊದಲನೇ ಗಾಡಿಗೆ ಹತ್ತೀನಿ.
ಆರೂ ಐವತ್ತಕ್ಕ ಚಿಕಾಲಿ ಗೇಟಿನ ಮುಂದ ನಿಂತಿರತಾನ,
ಕೈಯಾಗ ತಾನ ಬಡದ ರೊಟ್ಟಿ ಡಬ್ಬಿ.
ನಮ್ಮ ಡ್ರಾಯವರ್ ಮಿಂಗೆಲ್
ಆ ಒಂದು ಸ್ಟಾಪಿನ್ಯಾಗ ಇಳದು ಟಾಯರು ಒದ್ದು ನೋಡತಾನ,
ಆರೂ ಟಾಯರು, ಸಾವಕಾಶ, ದಿನಾ.
ಗಾಳಿ ಎಂದೂ ಕಡಿಮಿ ಇದ್ದಿದ್ದಿಲ್ಲ.

ಅಷ್ಟರಾಗ ಡಬ್ಬಿ ಒಳಗ, ಪಟ್ಟಿ ಹೊರಗ.
ಅಂವ ಓದತಾನ, ತುಟಿ ಅಲಗಿಸಿಕೋತ, ಒಂದ ಪುಟ.
ಬಸ್ಸಿನ ತಗಡಿಗೆ ಪಟ್ಟಿ ಆನಿಸಿ ಸಹಿ ಮಾಡತಾನ.
ಇಂಜಿನ್ನು ಬಂದ್ ಮಾಡಿರಂಗಿಲ್ಲ,
ತಗಡು ನಡಗತೈತಿ, ಹೆಸರೂ ನಡಗತೈತಿ.
ಮಗನ ಗಲ್ಲ ಮುಟ್ಟಬೇಕಂದ್ರ ನಡುವ ಕಿಟಕಿ ಸರಳು,
ಎರಡು ಬೆರಳು ಹಿಡಿಸತಾವ.
ಮತ್ತ ಭೋಂಗಾ ಆಗತೈತಿ.

ಐತ್ವಾರ ಕುಂದ್ರಿಸಿ ಬರಸ್ತೀನ್ರಿ,
ಈ ಐತ್ವಾರ ಅಲ್ಲ, ಡ್ಯೂಟಿ ಐತಿ,
ಮುಂದಿಂದು.

ಇದನ್ನ ಹಳೇ ವೇಬಿಲ್ಲಿನ ಹಿಂದ ಬರಿಯಾಕತ್ತೀನಿ.
ಬಾಂಬೋಳಿ ಏರು ಬಂತು,
ಇಲ್ಲಿಂದ ನನ್ನ ಅಕ್ಷರಾನೂ ನೋಡ್ರಿ.
ಕೆಂಪು ಪೆನ್ನು ಒಂದೀಟು ಬದಿಗಿಟ್ಟು.