ಅರ್ಧ ಆಯಸ್ಸು, ದುದ್ದ ಮಾರ್ಗವಾಗಿ

ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ, ಕೊಬ್ಬರಿ ಮಂಡಿಯ ಎದುರು
ಎಂಟಡಿ ಅಗಲದ ನನ್ನ ಅಂಗಡಿ.
ಜೆರಾಕ್ಸ್, ಲ್ಯಾಮಿನೇಷನ್, ಪಹಣಿ ಅರ್ಜಿ,
ಮದುವೆ ಕಾಗದ, ತಿಥಿ ಕಾಗದ.
ಕಾದಂಬರಿ ಟೈಪು ಮಾಡಿಕೊಡ್ತೀರಾ ಅಂತ
ಈವರೆಗೆ ಯಾರೂ ಕೇಳಿರಲಿಲ್ಲ.

ಕೇಳಿದವಳು ಕಂಡಕ್ಟರ್ ದಾಕ್ಷಾಯಿಣಿ.
ಹಾಸನ–ಅರಸೀಕೆರೆ, ದಿನಕ್ಕೆ ಆರು ಸಿಂಗಲ್.
ಹಳೇ ಟ್ರಿಪ್‌ಶೀಟುಗಳ ಬೆನ್ನ ಮೇಲೆ
ಬಸ್ಸು ನಿಂತಾಗ ಗುಂಡಗೆ, ಓಡುವಾಗ ನಡುಗುತ್ತ
ಬರೆದ ಅಕ್ಷರ. ನೋಡಿದರೇ ತಿಳಿಯುತ್ತಿತ್ತು:
ರುರು ಅವಳ ಕೈ ಹಿಡಿದದ್ದು ದುದ್ದದ ಹಂಪ್ಸ್ ಮೇಲೆ,
ಮೊದಲ ಮುತ್ತು ಹಾರನಹಳ್ಳಿ ಸ್ಟಾಪಿನಲ್ಲಿ.
ಅಲ್ಲಿ ಮಾತ್ರ ಗೆರೆ ನೆಟ್ಟಗಿತ್ತು.

ಕಥೆ ಹಳೆಯದು. ಪ್ರಮದ್ವರೆ,
ಅಪ್ಸರೆ ಹೆತ್ತು ಹೊಳೆದಂಡೆಯಲ್ಲಿ ಬಿಟ್ಟುಹೋದ ಕೂಸು,
ಮದುವೆ ಹತ್ತಿರ ಬಂದಾಗ ಹಾವು ತುಳಿದಳು.
ರುರು ಕಾಡಿಗೆ ಹೋಗಿ ಗೋಳಾಡಿದ. ದೇವದೂತ ಬಂದ:
ನಿನ್ನ ಆಯಸ್ಸಿನಲ್ಲಿ ಅರ್ಧ ಕೊಡು, ಏಳುತ್ತಾಳೆ.
ಕೊಟ್ಟ. ಎದ್ದಳು.
ಪುರಾಣ ಅಲ್ಲಿ ಅವಳನ್ನು ಇಳಿಸಿ ಮುಂದೆ ಹೋಗುತ್ತದೆ.
ದಾಕ್ಷಾಯಿಣಿ ಹೋಗಗೊಡಲಿಲ್ಲ.
ಸೀಟಿ ಊದಿ ನಿಲ್ಲಿಸಿದಳು.

ಅವಳ ಕಾದಂಬರಿಯಲ್ಲಿ ದೂತನ ಹೆಗಲಿಗೆ ಚರ್ಮದ ಚೀಲ.
ಆಯಸ್ಸು ಮುರಿಸಲು ಚಿಲ್ಲರೆ ಇಲ್ಲ ಅನ್ನುತ್ತಾನೆ.
ಎದ್ದ ಹುಡುಗಿ ಮೊದಲು ನೀರು ಕೇಳುತ್ತಾಳೆ,
ಕುಡಿದ ಮೇಲೆ ಕೇಳುತ್ತಾಳೆ:
"ಯಾವ ಅರ್ಧ ಕೊಟ್ಟೆ? ನೀನು ಮುದುಕನಾಗುವ ಅರ್ಧವೋ
ನಾವಿಬ್ಬರೂ ಈಜು ಕಲಿಯಬೇಕಿದ್ದ ಅರ್ಧವೋ?
ಸತ್ತವಳನ್ನು ಕೇಳೋಕಾಗಲ್ಲ, ಸರಿ.
ಎದ್ದ ಮೇಲಾದರೂ ಕೇಳಿದೆಯಾ?"
ರುರುವಿಗೆ ಉತ್ತರ ತೋಚುವುದಿಲ್ಲ. ದೊಣ್ಣೆ ಹಿಡಿದು
ಕಂಡಕಂಡ ಹಾವು ಬಡಿಯುತ್ತ ನಡೆಯುತ್ತಾನೆ.
ಅವಳು ಹಿಂದೆಯೇ ಹೋಗಿ
ಏಟು ತಿಂದೂ ಉಸಿರಾಡುತ್ತಿದ್ದ ಒಂದು ಒಳ್ಳೆಹಾವನ್ನು
ಸೆರಗಿನಲ್ಲಿ ಸುತ್ತಿ ತರುತ್ತಾಳೆ.
"ಹೆಸರಲ್ಲೇ ಒಳ್ಳೆ ಅಂತಿದೆ, ಓದಲಿಲ್ವಾ ಋಷಿಕುಮಾರ?"
ಅನ್ನುವ ಸಾಲು ಒತ್ತುವಾಗ ಒಬ್ಬನೇ ನಕ್ಕುಬಿಟ್ಟೆ.
ಪಕ್ಕದ ಮೊಬೈಲ್ ಅಂಗಡಿಯ ಜಬೀವುಲ್ಲಾ
ಇಣುಕಿ ನೋಡಿದ.

ಹದಿನೇಳನೇ ಅಧ್ಯಾಯದಲ್ಲಿ ನನ್ನ ಬೆರಳು ತಪ್ಪಿತು.
ಧ ಒತ್ತುವಲ್ಲಿ ಥ.
"ನನ್ನ ಆಯಸ್ಸಿನ ಅರ್ಥ ನಿನ್ನದು" ಎಂದುಬಿಟ್ಟ ರುರು.
ಪ್ರೂಫು ನೋಡುತ್ತಿದ್ದವಳು ಕೆಂಪು ಪೆನ್ನು ಎತ್ತಿದಳು,
ಎತ್ತಿಕೊಂಡೇ ಕೂತಳು.
ಹೊರಗೆ ಡ್ರೈವರ್ ಎರಡು ಸಲ ಹಾರನ್ ಹೊಡೆದ.
"ಇಷ್ಟು ಪುಟದಲ್ಲಿ ಇವನು ಆಡಿದ ಒಂದೇ ನೆಟ್ಟಗಿನ ಮಾತು,
ಇರಲಿ ಬಿಡಿ" ಅಂದಳು.
ಬಾಗಿಲ ತನಕ ಹೋಗಿ ತಿರುಗಿ ಬಂದು
ತಿದ್ದಿದಳು.
"ಬೇಡ. ಅಷ್ಟು ಜಾಣ ಅಲ್ಲ ಅವನು. ಅರ್ಧ ಅಂತಲೇ ಇರಲಿ.
ಅರ್ಥ ಏನಿದ್ರೂ ಕೊನೇ ಅಧ್ಯಾಯದಲ್ಲಿ ಅವಳು ಹೇಳ್ತಾಳೆ."

ಕೊನೇ ಅಧ್ಯಾಯ ಇನ್ನೂ ಬಂದಿಲ್ಲ.
ನನಗೀಗ ನಲವತ್ತೊಂದು. ಒಂದು ಮಧ್ಯಾಹ್ನ ಕರೆಂಟು ಹೋದಾಗ
ಉಳಿದದ್ದರಲ್ಲಿ ಅರ್ಧ ಎಷ್ಟಾಗುತ್ತೆ ಅಂತ
ಕ್ಯಾಲ್ಕ್ಯುಲೇಟರ್ ತೆಗೆದೆ. ಉಳಿದದ್ದೇ ಎಷ್ಟೆಂದು ತಿಳಿಯದೆ
ಭಾಗಿಸು ಗುಂಡಿಯ ಮೇಲೆ ಬೆರಳಿಟ್ಟು ಕೂತೆ.
ಮಂಡಿಯಿಂದ ಒಣಕೊಬ್ಬರಿಯ ವಾಸನೆ.
ಗಿರಾಕಿ ಬಂದ, ಆಧಾರ್ ಎರಡು ಕಾಪಿ.

ನಿನ್ನೆ ಈವರೆಗಿನ ಲೆಕ್ಕ ಮಾಡಿದೆವು.
ಅವಳು ಚೀಲದಿಂದ ಹತ್ತರ ನೋಟು ಎಣಿಸಿಟ್ಟಳು.
ಎಂಟು ರೂಪಾಯಿ ನಾನು ಕೊಡಬೇಕು, ಗಲ್ಲದಲ್ಲಿ ಇರಲಿಲ್ಲ.
(ಇತ್ತು. ಎರಡರ ನಾಣ್ಯಗಳು. ಕೈ ಮುಚ್ಚಿತ್ತು.)
ಬಿಲ್ಲಿನ ಬೆನ್ನ ಮೇಲೆ 8 ಎಂದು ಬರೆದು ಸುತ್ತು ಹಾಕಿ
ಅವಳು ದಿನಾ ನೂರು ಜನಕ್ಕೆ ಕೊಡುವ ಹಾಗೆ
ಮುಖ ನೋಡದೆ ಕೊಟ್ಟೆ.

ಓದಿದಳು. ಮಡಿಸಿದಳು.
ಟಿಕೆಟ್ ಮೆಷಿನ್ನಿನ ಕವರಿನೊಳಗೆ ಸೇರಿಸಿ
"ಪರವಾಗಿಲ್ಲ" ಅಂದಳು,
"ಇಳಿಯೋವಾಗ ಇಸ್ಕೋತೀನಿ."