ಆರುನೂರು ಮೀಟರಿನ ತನಕ

ನಾ ಗೆಲ್ಲಲಕ ಓಡಾಕಿ ಅಲ್ಲ.
ಎರಡನೇ ಸುತ್ತಿನ ಮೊದಲ ತಿರುವು ದಾಟಿ
ಆಚೆ ಕಡೆ ನೇರ ದಾರಿ ಮುಗಿಯೋ ತನಕ
ಗಾಳಿ ನನ್ನ ಎದಿಗಿ ಬಡೀಬೇಕು,
ಜಮುನಾಬಾಯಿ ನನ್ನ ಬೆನ್ನಿಗಿರಬೇಕು.
ಆರುನೂರು ಮೀಟರ್ ಆದಮ್ಯಾಲ
ಬಲಕ್ಕ ಸರಿದು ದಾರಿ ಬಿಡೋದು ನನ್ನ ಕೆಲಸ.

ಇನಾಯತ್ ಮಾಸ್ತರರ ವಹಿ ನೀಲಿ ರಟ್ಟಿಂದು,
ಮ್ಯಾಲ ಯಾವುದೋ ದಾಲ್ ಮಿಲ್ಲಿನ ಹೆಸರು.
ಉಲ್ಟಾ ಬರದಾರ: ಮೊದಲ ಹಾಳಿಗಿ ಭುವನೇಶ್ವರದ ತಾರೀಖು,
ಅಲ್ಲಿಂದ ಹಿಂದ ಹಿಂದ ಎಣಿಸಿ
ಹದಿನಾರು ವಾರ, ತೊಗರಿ ರಾಶಿಯ ತನಕ.

ರಾಶಿ ಟೈಮಿನ್ಯಾಗ ಬರೀ ದೂರ.
ಸೇಡಂ ರಸ್ತಾದ ಮ್ಯಾಲ ಚುಮುಚುಮು ನಸುಕು,
ಲಾರಿಯಿಂದ ಉದುರಿದ ಕಾಳು ಬೂಟಿನಡಿ ಪಟಪಟ.
ಸಂಕ್ರಮಣ ದಾಟಿದ ಮ್ಯಾಲ ದೂರ ಕಡಿಮಿ, ಉರಿ ಜಾಸ್ತಿ:
ಮುನ್ನೂರು ಮೀಟರ್ ಆರು ಸಲ, ನಡುವ ನಾಕೇ ನಿಮಿಷ.
ಜಮುನಾ ಬೇವಿನ ಗಿಡದ ಬುಡಕ್ಕ ಕಾರಿಕೊಂಡಳು,
ಅದೇ ಗಿಡದ ಆಚೆ ಬದಿಗಿ ನಾನು.
ಮಾಸ್ತರು ಒಬ್ಬಾಕಿದು ಬರಕೊಂಡರು.

ಏಪ್ರಿಲ್ ಬಂತು. ಹನ್ನೊಂದು ದಿನ ಉಳಿದಾವ.
ಓಟ ಅರ್ಧ ಆತು, ಆಮ್ಯಾಲ ಅರ್ಧದಾಗ ಅರ್ಧ,
ಕಡೀಕ ಎಂಬತ್ತು ಮೀಟರ್ ನಾಕು ಸಲ,
ಬರೀ ಕಾಲಿಗಿ ನೆನಪು ಮಾಡಿಕೊಡಲಕ.
"ಇನ್ನೊಂದೇ ರೌಂಡ್ ಸರ್," ಅಂದಳು ಜಮುನಾ.
"ಬಡಿಯೋದು ಮುಗೀತವ್ವ, ರೊಟ್ಟಿ ಹಂಚಿನ ಮ್ಯಾಲ ಅದ.
ಈಗ ಕೈ ಹಚ್ಚಬ್ಯಾಡ."

ಸುಮ್ಮ ಕೂಡೋದು ಎಷ್ಟು ಕಷ್ಟ ಅಂಬೋದು
ಹಾಸ್ಟೆಲಿನ ಶಹಾಬಾದ ಫರಸಿಗಿ ಗೊತ್ತು.
ನೀರು ಚೆಲ್ಲಿ, ಅದರ ಮ್ಯಾಲ ಕಾಲು ಚಾಚಿ,
ಕರೆಂಟ್ ಹೋದ ಫ್ಯಾನಿನ ರೆಕ್ಕಿ ನೋಡೋದು.
ಜಮುನಾಗ ಇಲ್ಲದ ನೋವು ಹುಟ್ಟಿದವು:
ಸೋಮವಾರ ಮೊಣಕಾಲು, ಮರುದಿನ ಹಿಮ್ಮಡಿ,
ಬುಧವಾರ ರಾತ್ರಿ ಎಬ್ಬಿಸಿ ಕೇಳಿದಳು,
"ಅಕ್ಕಾ, ನನ್ನ ಕಾಲು ಓಡೋದೇ ಮರ್ತಾವೇನು?"
ನಾ ಎಣ್ಣಿ ಹಚ್ಚಿ ತಿಕ್ಕಿದೆ.
ನನ್ನ ಕಾಲಿಗೂ ಅದೇ ಹದಿನಾರು ವಾರ,
ಅದೇ ಹನ್ನೊಂದು ದಿನದ ನಿದ್ದಿ
ಅಂಬೋದು ಯಾರಿಗೂ ನೆನಪಾಗಲಿಲ್ಲ. ನನಗೂ.

ಕಲಬುರಗಿ ಟೇಶನ್ನಿನ್ಯಾಗ ಅವರನ್ನ ರೈಲ್ ಹತ್ತಿಸಿ ಬಂದೆ.
ಟಿಕೆಟ್ ಎರಡೇ ಇದ್ದವು.

ಭಾನುವಾರ ನಸುಕಿನ್ಯಾಗ ನಿದ್ದಿ ಹಾರಿತು.
ಮೈದಾನದಾಗ ಎರಡು ನಾಯಿ,
ಹುಲ್ಲಿಗಿ ನೀರು ಬಿಡೋ ತಿಪ್ಪಣ್ಣ ಕಾಕಾ.
ಮೊದಲ ಹೆಜ್ಜಿಗೇ ತಿಳೀತು,
ನೆಲ ಇವತ್ತು ನನ್ನ ಹಿಡದು ಜಗ್ಗಲ್ಲ.
ನಾಕುನೂರು. ಉಸಿರು ಇನ್ನೂ ಮೂಗಿನ್ಯಾಗೇ ಇತ್ತು.
ಆರುನೂರು.
ಬಲಗಾಲು ತಾನೇ ಪಕ್ಕಕ್ಕ ಹೊಂಟಿತು,
ಮೂರು ವರ್ಷದ ರೂಢಿ.
ದಾರಿ ಬಿಡಲಕ ಹಿಂದ ಯಾರೂ ಇರಲಿಲ್ಲ.
ಆ ಕಡೀ ತಿರುವು ಹೆಂಗಿರ್ತದ ಅಂತ
ಒಳಗಿನ ಗೆರಿ ಹಿಡಕೊಂಡು
ಅವತ್ತೇ ಸರಿಯಾಗಿ ನೋಡಿದೆ.

ಗಡಿಯಾರ ಮಾಸ್ತರರ ಕೊರಳಾಗ, ಭುವನೇಶ್ವರದಾಗ.
ತಿಪ್ಪಣ್ಣ ಕಾಕಾ ಪೈಪ್ ಹಿಡದು ನಿಂತೇ ಇದ್ದ,
ನೀರು ಒಂದೇ ಕಡಿ ಬಿದ್ದು ರಾಡಿ ಆಗಿತ್ತು.
"ಎಷ್ಟಾತು ಕಾಕಾ?"
"ನೀ ಹೊಂಟಾಗ ಬೀಡಿ ಹಚ್ಚಿದ್ದೆ ತಂಗಿ.
ನೋಡು, ಇನ್ನೂ ಅರ್ಧ ಅದ."