ಅಗಲ

ಈ ವರ್ಷ ಇದು ಏಳನೆಯದು.
ಇಂಜಿನ್ ಸದ್ದಿನಲ್ಲೇ ಗೊತ್ತಾಗಿಬಿಡುತ್ತದೆ ನನಗೆ:
ಮೊದಲು ಧೈರ್ಯ, ಆಮೇಲೆ ಅನುಮಾನ,
ಆಮೇಲೆ ಕಲ್ಲಿಗೆ ತಗಡು ಉಜ್ಜುವ ಆ ಕಿರ್ರೋ.
ನೆಸ್ಟ ಮಾತಿಲ್ಲದೆ ಟೀಗೆ ನೀರಿಡುತ್ತಾಳೆ.
ನಾನು ಟ್ರ್ಯಾಕ್ಟರಿನ ಕೀಲಿ ಹುಡುಕುತ್ತೇನೆ.

ವೇಲ್ಸಿನ ಗುಡ್ಡದೊಳಗಿನ ಓಣಿ ಇದು.
ಹೆದ್ದಾರಿ ಬಿಟ್ಟಾಗ ಹನ್ನೆರಡು ಅಡಿ,
ಚಾಪೆಲ್ ದಾಟಿದರೆ ಒಂಬತ್ತು,
ನಮ್ಮ ತಿರುವಿನಲ್ಲಿ ಎಂಟು, ಅದೂ ಪಾಚಿ ಕೆರೆದರೆ.
ಗಾರೆಯಿಲ್ಲದೆ ಕಲ್ಲ ಮೇಲೆ ಕಲ್ಲಿಟ್ಟು ಕಟ್ಟಿದವರು
ಎರಡನ್ನಷ್ಟೇ ಅಳೆದಿದ್ದರು:
ಉಣ್ಣೆ ತುಂಬಿದ ಕುರಿಗಳು ಜೋಡಿಯಾಗಿ ಎಷ್ಟು,
ಹೆಣದ ಪೆಟ್ಟಿಗೆ ಹೊತ್ತವರ ಭುಜಗಳು ಎಷ್ಟು.

ಲಾರಿಯಿಂದ ಇಳಿಯಲು ಬಾಗಿಲು ತೆರೆಯುವಂತಿಲ್ಲ.
ಕಿಟಕಿಯಿಂದ ಹೊರಬಂದ, ಮೊದಲು ಕಾಲು, ಆಮೇಲೆ ಹೊಟ್ಟೆ,
ಕೊನೆಗೆ ಒಂದು ಕೈ, ಅದರಲ್ಲಿ ಫೋನು.
ವೀಟೆನಿಸ್ ಅಂತೆ, ಲಿಥುವೇನಿಯಾದವನು,
ಹೊತ್ತು ತಂದದ್ದು ಹದಿನೆಂಟು ಟನ್ ನಾಯಿಬಿಸ್ಕತ್ತು.
ನಮ್ಮ ಪೆರೊ ಆಗಲೇ ಹಿಂದಿನ ಚಕ್ರದ ಬಳಿ
ಭಕ್ತನಂತೆ ಕೂತಿತ್ತು.

'ನೀಲಿ' ಎಂದ ಅವನು, ಪರದೆ ತೋರಿಸಿ.
ಗೆರೆ ನೀಲಿಯೇ ಇತ್ತು, ನಿಜ.
ಬಂದರಿಗೆ ಹನ್ನೊಂದು ನಿಮಿಷ ಉಳಿತಾಯವೆಂದು
ಮೇಲೆ ಹಸಿರಿನಲ್ಲಿ ಬರೆದಿತ್ತು.
ನಮ್ಮ ಓಣಿಯೂ ಹೆದ್ದಾರಿಯೂ ಅಲ್ಲಿ
ಒಂದೇ ದಾರದ ಎರಡು ತುಂಡು.
ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ,
ಇವನಿಗೂ ಬಾಯಿತ್ತು;
ಕೇಳಬೇಕೆನ್ನುವಷ್ಟು ಸಂಶಯವನ್ನೇ ಆ ದನಿ ಉಳಿಸಿರಲಿಲ್ಲ.

ಕತ್ತಲಾಯಿತು. ಇನ್ನು ಎಳೆದರೆ ಗೋಡೆ ಬೀಳುತ್ತದೆ.
ಅಡುಗೆಮನೆಯಲ್ಲಿ ಮೂರು ಬಟ್ಟಲು ಸೂಪು ಕುಡಿದ,
ನಾಲ್ಕನೆಯದಕ್ಕೆ ನಾಚಿದ.
ಮೊಮ್ಮಗಳು ಎಲೆರಿ ಫೋನು ಹಿಡಿದು ಕೂತಳು:
'ತಾತ, ನಕ್ಷೆಯವರಿಗೆ ದೂರು ಕೊಡೋಣ. ಏನು ತಪ್ಪಾಗಿದೆ?
ರಸ್ತೆ ಇಲ್ಲವೇ?'
ಇದೆಯಲ್ಲ.
'ಮುಚ್ಚಿದೆಯೇ?'
ಈಗ ಮುಚ್ಚಿದೆ, ಲಾರಿಯಿಂದ.
'ಹೆಸರು ತಪ್ಪೇ?'
ಹೆಸರೇ ಇಲ್ಲ ಅದಕ್ಕೆ, ಎಂದೂ ಬೇಕಾಗಿರಲಿಲ್ಲ.
'ಹಾಗಾದರೆ "ಇತರೆ" ಒತ್ತುತ್ತೇನೆ.'
ನಮ್ಮದೆಲ್ಲ ಅಲ್ಲಿಗೇ ಹೋಗಿ ಬೀಳುವುದು.

ಆಮೇಲೆ ಅವಳು ಬೀದಿಯ ಚಿತ್ರಗಳನ್ನು ತೆರೆದಳು.
ಬೆರಳು ತಳ್ಳಿದಂತೆ ಹೆದ್ದಾರಿ, ಅಂಚೆಪೆಟ್ಟಿಗೆ, ಚಾಪೆಲ್,
ಚಾಪೆಲ್, ಮತ್ತೆ ಚಾಪೆಲ್. ಮುಂದಿಲ್ಲ.
ಆಗ ನೆನಪಾಯಿತು.
ಐದಾರು ವರ್ಷದ ಹಿಂದೆ, ತಲೆ ಮೇಲೆ ಕ್ಯಾಮೆರಾ ಹೊತ್ತ ಕಾರೊಂದು
ಅಲ್ಲಿಯ ತನಕ ಬಂದಿತ್ತು.
ಓಣಿಯ ಬಾಯಿ ನೋಡಿತು, ನಿಂತಿತು,
ನನಗೆ ಕೈ ಬೀಸಿತು, ಹಿಂದಕ್ಕೆ ಹೊರಟಿತು.
ಅದಕ್ಕೆ ಗೊತ್ತಾಗಿತ್ತು!
ಗೊತ್ತಾದದ್ದನ್ನು ಮನೆಯಲ್ಲಿ ಹೇಳಲಿಲ್ಲ, ಅಷ್ಟೆ.

ವೀಟೆನಿಸ್ ತನ್ನ ಊರು ತೋರಿಸಿದ, ಮೇಲಿನಿಂದ.
ಒಂದು ಛಾವಣಿಗೆ ನೀಲಿ ಟಾರ್ಪಾಲು.
ಹೆಂಚು ಹಾಕಿಸಿ ಎರಡು ವರ್ಷವಾಯಿತಂತೆ,
ಆಕಾಶಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ.
ಗೇಣಗಲ ಮಾಡಿ ತೋರಿಸಿದ, ಸಾಲದೆಂದು ಮೊಳ ಮಾಡಿದ.
ನಾನು ಬಿಲ್ಲು ಕೇಳಲಿಲ್ಲ.

ಬೆಳಿಗ್ಗೆ ಹೊಲ ಸುತ್ತಿ ಅದರ ಬೆನ್ನಿಗೆ ಬಂದು
ಸರಪಳಿ ಬಿಗಿದೆ. ಒಂದೊಂದೇ ಅಂಗುಲ.
ಎಡಗನ್ನಡಿ ನಮ್ಮ ಗೋಡೆಗೆ ಉಳಿಯಿತು,
ಗೋಡೆಯ ಮೂರು ಕಲ್ಲು ಅವನ ಪಾಲಿಗೆ.
ಚಾಪೆಲ್ಲಿನ ಅಂಗಳದಲ್ಲಿ ಲಾರಿ ಉಸಿರು ಬಿಟ್ಟಿತು.
ಅವನು ಕೆಳಗಿಳಿದು, ಈ ಸಲ ಬಾಗಿಲಿನಿಂದಲೇ,
ನೆಸ್ಟಳ ಕೈ ಹಿಡಿದು ಏನೋ ಹೇಳುತ್ತಿದ್ದ.

ರಾತ್ರಿಯಿಡೀ ಅಂಗಳದಲ್ಲೇ ತಡೆಹಿಡಿದಿದ್ದ ಕುರಿಗಳಿಗೆ
ನಾನು ಗೇಟು ತೆಗೆದೆ.
ತೆರೆದ ಕಿಟಕಿಯಿಂದ, ಯಾರೂ ಆರಿಸದ ಫೋನು,
ಬೇಸರವಿಲ್ಲದ ಅದೇ ದನಿ:
'ಬಲಕ್ಕೆ ತಿರುಗಿ. ಇನ್ನೂರು ಮೀಟರ್ ನೇರ ಸಾಗಿ.'

ಕುರಿಗಳು ಬಲಕ್ಕೆ ತಿರುಗಿದವು.
ನೇರ ಸಾಗಿದವು, ಎರಡೆರಡಾಗಿ,
ಒಂದರ ಉಣ್ಣೆಯೂ ಕಲ್ಲಿಗೆ ತಾಗದಂತೆ.